ಮೈನಸ್ ಹತ್ತು

ಕೆಳಗಿನ ಕೋಳಿ ಅಂಗಡಿಯ ಹೊಗೆ ಮೂರನೆಯ ಮಹಡಿಯವರೆಗೆ ಸೆನಾಯ್ಡಾ ಒರಿವೆಲಾ ಅವರ ಜೊತೆಗೇ ಮೆಟ್ಟಿಲು ಹತ್ತುತ್ತಿತ್ತು. ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಅದೂ ದಣಿದು ಹಿಂದೆ ಉಳಿಯುತ್ತಿತ್ತು. ಹಾಗೆ ಹಿಂದೆ ಉಳಿಯುವ ಸ್ವಾತಂತ್ರ್ಯ ಸೆನಾಯ್ಡಾ ಅವರಿಗಿರಲಿಲ್ಲ. ಬೆಳಗಿನಿಂದ ಮಧ್ಯಾಹ್ನದವರೆಗೆ ಸರ್ಕಾರಿ ಶಾಲೆಯಲ್ಲಿ ಗಣಿತ ಹೇಳಿ, ಬಸ್ಸಿನಲ್ಲಿ ನಿಂತುಕೊಂಡೇ ವಾಂಕಾಯೊ ಪಟ್ಟಣವನ್ನು ದಾಟಿ ಬಂದು, ಸಂಜೆ ಈ ಅಕಾಡೆಮಿಯಲ್ಲಿ ಮತ್ತೆ ಅದೇ ಗಣಿತವನ್ನು ಹೇಳಬೇಕು. ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಗೆ ಮಕ್ಕಳನ್ನು ತಯಾರು ಮಾಡುವ ಜಾಗ ಅದು. ತಯಾರು ಮಾಡುವುದು ಎಂದರೆ ಕಲಿಸುವುದು ಎಂದೇ ಅವರು ಬಹುಕಾಲ ನಂಬಿದ್ದರು. ಈಗ ಆ ನಂಬಿಕೆಯೂ ಅವರ ಮೊಣಕಾಲುಗಳಂತೆಯೇ ಸವೆದಿತ್ತು.

ಅಕಾಡೆಮಿಯ ಒಡೆಯ ತಿನೇಯೊ ಅವರನ್ನು ಎಲ್ಲರೂ ಇಂಜಿನಿಯರ್ ಎಂದೇ ಕರೆಯುತ್ತಿದ್ದರು. ಅವರು ಕಟ್ಟಿದ ಸೇತುವೆಯನ್ನಾಗಲಿ ರಸ್ತೆಯನ್ನಾಗಲಿ ಯಾರೂ ನೋಡಿರಲಿಲ್ಲ. ಅವರು ಕಟ್ಟಿದ್ದು ಘೋಷಣೆಗಳನ್ನು. ಬೀಜಗಣಿತದ ಪ್ರತಿ ನಿಯಮಕ್ಕೂ ಒಂದು ಘೋಷಣೆ, ಪ್ರತಿ ಘೋಷಣೆಗೂ ಅದರದೇ ಚಪ್ಪಾಳೆ. ಕರಣಿಗಳ ಗುಣಾಕಾರದ ಪಾಠ ಬಂತೆಂದರೆ ಇಡೀ ತರಗತಿ ಬೆಂಚು ಬಡಿಯುತ್ತ ಕೂಗುತ್ತಿತ್ತು:

"ಒಂದೇ ಸೂರಿಗೆ ಸೇರ್ಸು! ಗುಣಿಸು! ಹೊರಗೆ ಎಳಿ!"

ಅಂದರೆ, √2 ಅನ್ನು √8 ರಿಂದ ಗುಣಿಸಬೇಕಾದರೆ ಎರಡನ್ನೂ ಒಂದೇ ಮೂಲಚಿಹ್ನೆಯ ಸೂರಿನಡಿ ತರಬೇಕು, ಎರಡೆಂಟಲೆ ಹದಿನಾರು, ಹದಿನಾರರ ವರ್ಗಮೂಲ ನಾಲ್ಕು, ನಾಲ್ಕನ್ನು ಹೊರಗೆ ಎಳೆದರೆ ಮುಗಿಯಿತು. ಅದರಲ್ಲಿ ಸುಳ್ಳಿರಲಿಲ್ಲ. ಆದರೆ ಅರ್ಧವನ್ನು ಮಾತ್ರ ಹೇಳಿ ಪೂರ್ತಿ ಹೇಳಿದಂತೆ ಚಪ್ಪಾಳೆ ತಟ್ಟಿಸುವುದು ಸುಳ್ಳಿನ ದಾಯಾದಿಯೇ ಎಂದು ಸೆನಾಯ್ಡಾ ತಿಳಿದಿದ್ದರು. ಆದ್ದರಿಂದ ಆ ಸಂಜೆ ಕೂಗು ನಿಂತ ಮೇಲೆ ಅವರು ಬಿಳಿ ಹಲಗೆಯ ಮೇಲೆ ಒಂದು ಸಾಲು ಸೇರಿಸಿದರು.

"ಒಂದು ಮಾತು. ಸೂರಿನ ಕೆಳಗೆ ಮೈನಸ್ ಸಂಖ್ಯೆಗಳಿದ್ರೆ ಈ ಘೋಷಣೆ ನಡೆಯಲ್ಲ. ಮೊದಲು ಮೈನಸ್ಸನ್ನ i, ಅಂದ್ರೆ √−1, ಮಾಡಿ ಹೊರಗೆ ತರಬೇಕು. ಆಮೇಲೆ ಗುಣಾಕಾರ. ಯಾಕೆ ಅಂತ ಹೇಳ್ತೀನಿ, ಕೇಳಿ."

ಹಿಂದಿನ ಬೆಂಚಿನಿಂದ ಒಬ್ಬ ಕೈಯೆತ್ತಿದ. "ಮಿಸ್, ಇದು ಪರೀಕ್ಷೇಲಿ ಬರುತ್ತಾ?"

"ಬರಬಹುದು, ಬರದೆ ಇರಬಹುದು."

"ಬರದೆ ಇದ್ರೆ ಬರ್ಕೊಳ್ಳೋದು ಯಾಕೆ? ಇಂಕು ದಂಡ ಅಲ್ವಾ ಮಿಸ್?"

ತರಗತಿ ನಕ್ಕಿತು. ಸೆನಾಯ್ಡಾ ಅವರಿಗೂ ಸ್ವಲ್ಪ ನಗು ಬಂತು, ಏಕೆಂದರೆ ಸಿಟ್ಟು ಮಾಡಲು ಬೇಕಾದ ಶಕ್ತಿ ಆ ಹೊತ್ತಿಗೆ ಉಳಿದಿರುವುದಿಲ್ಲ. ಕಾರಣವನ್ನು ಅವರು ಹೇಳಿಯೇ ಹೇಳಿದರು. ಮುಂದಿನ ಬೆಂಚಿನಲ್ಲಿದ್ದ ನೊರ್ಕಾ ಪೊಮಾ, ಅಕಾಡೆಮಿಯ ಅತ್ಯಂತ ಚುರುಕಾದ ಹುಡುಗಿ, ಅಷ್ಟರಲ್ಲಿ ಮುಂದಿನ ಲೆಕ್ಕಕ್ಕೆ ಹಾರಿಯಾಗಿತ್ತು. ಅದನ್ನು ಬರೆದುಕೊಂಡದ್ದು ಒಬ್ಬನೇ, ಎಡೆಲ್ಮೊ ರಿಕ್ಸೆ. ಪ್ರವೇಶ ಪರೀಕ್ಷೆಯಲ್ಲಿ ಪದೇ ಪದೇ ಸೋತು, ತನಗಿಂತ ಚಿಕ್ಕವರ ನಡುವೆ ಮೊಣಕೈ ಮಡಚಿಕೊಂಡು ಕೂರುತ್ತಿದ್ದ ಅವನನ್ನು ಎಲ್ಲರೂ ತಾತ ಎನ್ನುತ್ತಿದ್ದರು. ಪ್ರವೇಶ ಸಿಕ್ಕವರ ತಲೆಯನ್ನು ಗೆಳೆಯರೇ ಹಿಡಿದು ಬೋಳಿಸುವುದು ಅಲ್ಲಿಯ ರೂಢಿ. ಅಲ್ಲಿಯವರೆಗೆ ಕತ್ತರಿ ಮುಟ್ಟಿಸುವುದಿಲ್ಲವೆಂದು ಅವನು ಹರಕೆ ಹೊತ್ತಂತೆ ಕೂದಲು ಬಿಟ್ಟಿದ್ದ.

"ತಾತಾ, ಜಡೆ ಹಾಕ್ಲಾ?" ಎಂದು ಹಿಂದಿನವನು ಅವನ ಕೂದಲನ್ನು ಜಗ್ಗಿದ.

"ಹಾಕು. ನಿಮ್ಮಮ್ಮನ ಹತ್ರ ರಿಬ್ಬನ್ ಇಸ್ಕೊಂಡು ಬಾ" ಎಂದ ಎಡೆಲ್ಮೊ, ಬರೆಯುವುದನ್ನು ನಿಲ್ಲಿಸದೆ.

ಶನಿವಾರ ಅಣಕು ಪರೀಕ್ಷೆ ನಡೆಯಿತು. ಪ್ರಶ್ನೆ, ಉತ್ತರ ಎರಡೂ ಇಂಜಿನಿಯರರದೇ ತಯಾರಿ. ಮೊದಲ ಸ್ಥಾನ ಬಂದವರಿಗೆ ಕೊನೆಯ ಸುತ್ತಿನ ತರಬೇತಿ ಪೂರ್ತಿ ಬಿಟ್ಟಿ, ಜೊತೆಗೆ ನಾಲ್ಕನೆಯ ಮಹಡಿಯಿಂದ ಕೋಳಿ ಅಂಗಡಿಯ ಫಲಕದವರೆಗೆ ಇಳಿಬೀಳುವ ಬ್ಯಾನರಿನಲ್ಲಿ ಅವರ ಮುಖ. ಸಂಜೆಯೊಳಗೆ ಸರಿಯುತ್ತರಗಳ ಪಟ್ಟಿಯ ಜೊತೆ ಫಲಿತಾಂಶ ಬಂತು. ನೊರ್ಕಾ ಮೊದಲು, ಎಡೆಲ್ಮೊ ಎರಡನೆಯವನು, ಒಂದೇ ಪ್ರಶ್ನೆಯಷ್ಟು ಹಿಂದೆ. ಇಂಜಿನಿಯರ್ ಆ ಕ್ಷಣವೇ ಹುಡುಗಿಗೆ ಅಕಾಡೆಮಿಯ ಕೆಂಪು ಜಾಕೆಟ್ಟು ತೊಡಿಸಿ, ಹೆಬ್ಬೆರಳು ಎತ್ತಿಸಿ, ಫೋಟೊ ಹೊಡೆಸಿದರು.

ಆ ಶುಲ್ಕ ವಿನಾಯಿತಿ ನೊರ್ಕಾಳಿಗೆ ಎಷ್ಟು ದೊಡ್ಡದು ಎಂಬುದು ಸೆನಾಯ್ಡಾ ಅವರಿಗೆ ಚೆನ್ನಾಗಿ ಗೊತ್ತಿತ್ತು. ಅದು ಸಿಕ್ಕರೆ ಪರೀಕ್ಷೆಯವರೆಗೂ ಓದು. ಸಿಗದಿದ್ದರೆ ಲೀಮಾದಲ್ಲಿ ಹೊಲಿಗೆ ಯಂತ್ರಗಳನ್ನಿಟ್ಟುಕೊಂಡ ಸೋದರತ್ತೆಯ ಮನೆ, ಅಲ್ಲಿ ಅಂಗಿಗಳಿಗೆ ತೋಳು ಹೊಲಿಯುವ ಕೆಲಸ. ತಾಯಿ ಮೊದಲೇ ಕಡ್ಡಿ ಮುರಿದಂತೆ ಹೇಳಿದ್ದಳು. ಭಾನುವಾರದ ಸಂತೆಯಲ್ಲಿ ಗಿಣ್ಣು ಮಾರುತ್ತ ಕೂತಿದ್ದ ಆ ತಾಯಿ ಸೆನಾಯ್ಡಾ ಅವರನ್ನು ಕಂಡವಳೇ ತಕ್ಕಡಿ ಬಿಟ್ಟು ಎದ್ದು ಬಂದಳು.

"ಟೀಚರಮ್ಮ, ಒಂದು ನಿಮಿಷ ನಿಂತ್ಕೊಳ್ಳಿ! ಹುಡುಗಿ ರಾತ್ರಿಯಿಡೀ ನಕ್ಕಿದಾಳೆ ಕಣ್ರೀ, ನಿದ್ದೇಲೂ ನಕ್ಕಿದಾಳೆ. ನಾನು ಎದ್ದು ದೀಪ ಹಾಕಿ ನೋಡಿದೆ, ಏನಾದ್ರೂ ಆಯ್ತೇನೋ ಅಂತ."

"ಅವಳೇ ಓದಿದ್ದು ತಾಯೀ. ನಾನೇನು ಮಾಡಿದೆ?"

"ಹಂಗನ್ಬೇಡಿ. ಲೀಮಾಗೆ ಕಳ್ಸೋದು ನನಗೆ ಇಷ್ಟ ಇತ್ತಾ? ಆ ನಾದಿನಿ ಮುಖ ನೋಡಿದ್ರೆ ಹಾಲೂ ಒಡೆಯುತ್ತೆ." ಎಂದವಳು, ಬೇಡವೆಂದರೂ ಬಿಡದೆ, ಗಿಣ್ಣಿನ ದೊಡ್ಡ ಹೋಳನ್ನು ಚೀಲಕ್ಕೆ ತುರುಕಿದಳು.

ಸೋಮವಾರ ಪ್ರಶ್ನೆಪತ್ರಿಕೆಯನ್ನು ತರಗತಿಯಲ್ಲಿ ಬಿಡಿಸಿ ತೋರಿಸಬೇಕು. ಬೀಜಗಣಿತದ ಭಾಗ ಸೆನಾಯ್ಡಾ ಅವರದು. ಸಂತೆಯಿಂದ ಬಂದು ಒಗೆದ ಬಟ್ಟೆ ಹರವಿ, ಅಡುಗೆಮನೆಯ ಮೇಜಿನ ಮೇಲೆ ಅವರು ಪತ್ರಿಕೆಯನ್ನು ಬಿಡಿಸತೊಡಗಿದರು. ಅರ್ಧ ನಿದ್ದೆಯಲ್ಲೂ ಕೈ ತಾನಾಗಿ ಲೆಕ್ಕ ಮಾಡುತ್ತ ಹೋಗುವಷ್ಟು ಹಳೆಯ ಅಭ್ಯಾಸ. ಒಂದು ಪ್ರಶ್ನೆಯ ಹತ್ತಿರ ಕೈ ನಿಂತಿತು.

√−2 ಅನ್ನು (√−8 + √−18) ರಿಂದ ಗುಣಿಸಿ.

ಇಂಜಿನಿಯರರ ಉತ್ತರ: ಹತ್ತು. ಅವರು ಹೇಗೆ ಮಾಡಿದ್ದಾರೆಂಬುದು ಕಣ್ಣಿಗೆ ಕಟ್ಟಿದಂತಿತ್ತು. ಚಪ್ಪಾಳೆ ತಟ್ಟಿ ಒಂದೇ ಸೂರಿಗೆ ಸೇರಿಸಿದ್ದಾರೆ, ಮೈನಸ್ಸಿಗೆ ಮೈನಸ್ಸು ಹೊಡೆದುಹೋಗಿ ಒಂದು ಕಡೆ ಹದಿನಾರು, ಇನ್ನೊಂದು ಕಡೆ ಮೂವತ್ತಾರು, ಅವುಗಳ ಮೂಲ ನಾಲ್ಕು ಮತ್ತು ಆರು, ಕೂಡಿದರೆ ಹತ್ತು. ಸೆನಾಯ್ಡಾ ಮೈನಸ್ಸುಗಳನ್ನು ಮೊದಲು i ಮಾಡಿ ಹೊರತಂದು ಗುಣಿಸಿದರು. i ಯನ್ನು i ಯಿಂದ ಗುಣಿಸಿದಾಗ ಬರುವ ಮೈನಸ್ ಒಂದು ಎಲ್ಲಿಯೂ ಕಳೆದುಹೋಗದೆ ಕೊನೆಯವರೆಗೆ ಉಳಿಯಿತು. ಉತ್ತರ ಮೈನಸ್ ಹತ್ತು. ಅದೂ ಆಯ್ಕೆಗಳಲ್ಲಿ ಇತ್ತು, ಹತ್ತರ ಪಕ್ಕದಲ್ಲೇ.

ನೊರ್ಕಾಳ ಉತ್ತರ ಏನಿರಬಹುದು, ಎಡೆಲ್ಮೊನ ಉತ್ತರ ಏನಿರಬಹುದು ಎಂದು ಯೋಚಿಸುವ ಅಗತ್ಯವೇ ಇರಲಿಲ್ಲ. ಇಬ್ಬರ ನಡುವಿನ ಅಂತರ ಒಂದೇ ಪ್ರಶ್ನೆ. ಉತ್ತರವನ್ನು ತಿದ್ದಿದರೆ ಹುಡುಗಿಯ ಅಂಕ ಇಳಿಯುತ್ತದೆ, ಹುಡುಗನದು ಏರುತ್ತದೆ, ಮೊದಲನೆಯವನು ಅವನಾಗುತ್ತಾನೆ.

ಸುಮ್ಮನಿರುವುದು ಎಷ್ಟು ಸುಲಭವಾಗಿತ್ತು! ಯಾರೂ ಕೇಳಿರಲಿಲ್ಲ. ಕೇಳುವವರೂ ಇರಲಿಲ್ಲ. ಹುಡುಗಿಗೆ ಓದು, ತಾಯಿಗೆ ನೆಮ್ಮದಿ, ಒಡೆಯನಿಗೆ ಬ್ಯಾನರು, ತಮಗೆ ಒಂದು ಮಧ್ಯಾಹ್ನದ ನಿದ್ದೆ. ಒಂದು ಚಿಕ್ಕ ಅಡ್ಡಗೆರೆಯನ್ನು ಕಂಡೂ ಕಾಣದಂತಿದ್ದರೆ ಇಷ್ಟು ಜನಕ್ಕೆ ಒಳಿತು. ದಣಿದ ಮನಸ್ಸು ನ್ಯಾಯವಾದಿಗಿಂತ ಚೆನ್ನಾಗಿ ವಾದಿಸುತ್ತದೆ. ಜಗತ್ತಿನ ಬಹುಪಾಲು ಅನ್ಯಾಯಗಳು ದುಷ್ಟರಿಂದ ಆದವಲ್ಲ; ಇಂದು ಬೇಡ, ಸುಸ್ತಾಗಿದೆ ಎಂದ ಸಜ್ಜನರಿಂದ ಆದವು. ಇದನ್ನು ಸೆನಾಯ್ಡಾ ಎಷ್ಟೋ ಸಲ ಮಕ್ಕಳಿಗೆ ಹೇಳಿದ್ದರು. ಆ ಮಧ್ಯಾಹ್ನ ಮಾತ್ರ ಅವರು ಪತ್ರಿಕೆಯನ್ನು ಮಡಚಿಟ್ಟು, ಮಂಚದ ಮೇಲೆ ಉರುಳಿ, ನಾಳೆ ಆ ಪ್ರಶ್ನೆಯನ್ನು ಹೊತ್ತಾಯಿತೆಂದು ಬಿಟ್ಟುಬಿಡುತ್ತೇನೆ ಎಂದು ತೀರ್ಮಾನಿಸಿದರು. ನಿದ್ದೆ ಮಾತ್ರ ಬರಲಿಲ್ಲ.

ಸೋಮವಾರ ನಾಲ್ಕನೆಯ ಮಹಡಿಯನ್ನು ಮುಟ್ಟಿ ಉಸಿರು ಸುಧಾರಿಸಿಕೊಳ್ಳುತ್ತ ನಿಂತಾಗ ಎಡೆಲ್ಮೊ ಕಾದಿದ್ದ.

"ಮಿಸ್, ಸುಸ್ತಾಗಿದ್ರೆ ಆಮೇಲೆ ಬರ್ತೀನಿ."

"ಸುಸ್ತು ಯಾವಾಗ ಇರಲ್ಲ? ಹೇಳು ಮಗಾ."

"ಆ ಮೈನಸ್ ಇರೋ ಕರಣಿ ಲೆಕ್ಕ. ನಾನು ಮೈನಸ್ ಹತ್ತು ಅಂತ ಹಾಕಿದ್ದೆ. ತಪ್ಪಾಯ್ತು."

ಸೆನಾಯ್ಡಾ ಚೀಲವನ್ನು ಕೆಳಗಿಟ್ಟರು.

"ನೀವು ಆವತ್ತು ಹೇಳಿದ್ದನ್ನ ನಾನೇ ಉಲ್ಟಾ ತಿಳ್ಕೊಂಡಿರ್ಬೇಕು. ನಿನ್ನೆ ಕೂತ್ಕೊಂಡು ಬರ್ದಿದ್ದೆಲ್ಲ ಅಳಿಸಿದೆ. ಹತ್ತು ಬರೋದು ಹೇಗೆ ಅಂತ ಒಂದ್ಸಲ ತೋರಿಸ್ಬಿಡಿ ಮಿಸ್. ನಿಜವಾದ ಪರೀಕ್ಷೇಲಿ ಮತ್ತೆ ಇದೇ ತಪ್ಪು ಮಾಡಬಾರದು ನಾನು."

ಅವನು ದೂರು ಹೇಳಿದ್ದರೆ, ನ್ಯಾಯ ಕೇಳಿದ್ದರೆ, ಬೆಂಚು ಬಡಿದು ಜಗಳ ತೆಗೆದಿದ್ದರೆ ಬಹುಶಃ ಅವರು ಇನ್ನೂ ಒಂದು ದಿನ ತಪ್ಪಿಸಿಕೊಳ್ಳುತ್ತಿದ್ದರು. ಅವನು ಕೇಳುತ್ತಿದ್ದುದು ಸುಳ್ಳನ್ನು ಕಲಿಯಲು ಸಹಾಯ. ಸತ್ಯವನ್ನು ತಿಳಿದಿದ್ದ ಒಂದೇ ಒಂದು ತಲೆಯನ್ನು, ತನ್ನ ಕೈಯಿಂದಲೇ ತೊಳೆದು ಖಾಲಿ ಮಾಡಿಕೊಂಡು ತಂದು ಮುಂದೆ ಹಿಡಿದಿದ್ದ. ಸೆನಾಯ್ಡಾ ಅವರ ಒಳಗೆ ಬಹಳ ದಿನದಿಂದ ಬೂದಿ ಮುಚ್ಚಿದ್ದೇನೋ ಸುಟ್ಟಂತಾಯಿತು.

"ಅಳಿಸಿದ್ದನ್ನ ವಾಪಸ್ ಬರಿ" ಎಂದರು. "ನಿನ್ನದೇ ಸರಿ."

ಇಂಜಿನಿಯರರ ಕೋಣೆಯಲ್ಲಿ ಬಾಗಿಲು ಹಾಕಿದ ಮೇಲೆ ಮಾತು ಬಹಳ ಬೆಳೆಯಲಿಲ್ಲ. ಅವರು ಪತ್ರಿಕೆಯನ್ನು ನೋಡಿದರು, ಬಾಯೊಳಗೆ ಏನೋ ಗುಣಿಸಿದರು, ಕಿವಿಯ ತುದಿ ಕೆಂಪಾಯಿತು.

"ಪ್ರೊಫೆಸೊರಾ, ಕೂತ್ಕೊಳ್ಳಿ. ಒಂದು ಗೀಟು. ಒಂದು ಬೆರಳುಗುರಿನಷ್ಟು ಗೀಟು. ಅದಕ್ಕೆ ಇಷ್ಟು ರಂಪಾನಾ?"

"ರಂಪ ಏನಿಲ್ಲ. ಉತ್ತರ ತಪ್ಪಾಗಿದೆ, ತಿದ್ದಿದ್ರೆ ಆಯ್ತು."

"ಫೋಟೊ ಪ್ರೆಸ್ಸಿಗೆ ಹೋಗಿದೆ. ಅದೂ ಎಂಥಾ ಫೋಟೊ! ಆ ಹುಡುಗಿ ನಕ್ಕಿದ್ದು ನೋಡಿದ್ರೆ ಪಕ್ಕದ ಪಟ್ಟಣದಿಂದಲೂ ಮಕ್ಕಳು ಬರ್ತಾರೆ. ನಿಮ್ಮ ಆ ಉದ್ದಗೂದಲಿನವನನ್ನ ಹಾಕ್ಲಾ? ಸಲ ಸಲ ಡುಮ್ಕಿ ಹೊಡೆದವನನ್ನ ಬ್ಯಾನರ್ ಮೇಲೆ ಹಾಕಿದ್ರೆ ಕೆಳಗಿನ ಕೋಳಿ ಅಂಗಡಿಗೂ ಗಿರಾಕಿ ಬರಲ್ಲ."

"ಮುಖದ ವಿಷಯ ನಾನು ಮಾತಾಡ್ತಿಲ್ಲ ಇಂಜಿನಿಯರ್ರೇ."

ಅವರು ಕುರ್ಚಿಯನ್ನು ಹತ್ತಿರ ಎಳೆದುಕೊಂಡು ದನಿ ತಗ್ಗಿಸಿದರು. "ಸರಿ. ಪ್ರಶ್ನೆ ರದ್ದು ಮಾಡೋಣ. ಹತ್ತು ಅಂದವರಿಗೂ ಅಂಕ, ಮೈನಸ್ ಹತ್ತು ಅಂದವರಿಗೂ ಅಂಕ, ಖಾಲಿ ಬಿಟ್ಟವರಿಗೂ ಅಂಕ. ಎಲ್ಲರೂ ಖುಷಿ. ಇಬ್ಬರೂ ಸಮ ಸಮ ಆಗ್ತಾರೆ, ಫೋಟೊ ಆಗಿರೋರಿಗೆ ವಿನಾಯಿತಿ. ನಿಮಗೂ ಆ ಹುಡುಗಿ ಮೇಲೆ ಪ್ರೀತಿ ಇದೆ, ನಾನು ನೋಡಿಲ್ವಾ? ಅವಳನ್ನ ಲೀಮಾಗೆ ಅಟ್ಟೋಕೆ ನಿಮಗೇ ಮನಸ್ಸು ಬರುತ್ತಾ?"

ಬಾಣ ಬೀಳಬೇಕಾದಲ್ಲೇ ಬಿದ್ದಿತ್ತು. ಸೆನಾಯ್ಡಾ ಕಿಟಕಿಯ ಕಡೆ ನೋಡಿದರು. ಬೀದಿಯಲ್ಲಿ ಕಷಾಯದ ಗಾಡಿಯವನು ಲೋಟದಿಂದ ಲೋಟಕ್ಕೆ ಎತ್ತರದಿಂದ ಸುರಿಯುತ್ತಿದ್ದ. ಒಂದು ಲೋಟ ಕುಡಿದು ಮನೆಗೆ ಹೋಗಿಬಿಡಬೇಕು ಅನ್ನಿಸಿತು.

"ರದ್ದು ಅಂದ್ರೆ ಆ ಪ್ರಶ್ನೆಗೆ ಉತ್ತರವೇ ಇರಲಿಲ್ಲ ಅಂದಹಾಗೆ" ಎಂದರು ಕೊನೆಗೆ. "ಉತ್ತರ ಇದೆ. ಒಬ್ಬ ಹುಡುಗ ಅದನ್ನ ಬರೆದೂ ಇದಾನೆ. ಸರಿಗೂ ತಪ್ಪಿಗೂ ಒಂದೇ ಬೆಲೆ ಕಟ್ಟೋದಾದ್ರೆ ನನ್ನನ್ನ ಇಲ್ಲಿ ಯಾಕೆ ಇಟ್ಕೊಂಡಿದೀರಿ? ಚಪ್ಪಾಳೆ ತಟ್ಟೋಕೆ ಯಾರಾದ್ರೂ ಆಗ್ತಾರೆ."

"ಕ್ಲಾಸಲ್ಲಿ ಆ ಲೆಕ್ಕ ಮುಟ್ಟಬೇಡಿ."

"ಬೀಜಗಣಿತ ಪೂರ್ತಿ ಬಿಡಿಸು ಅಂತ ಹೇಳಿದ್ದು ನೀವೇ."

ನೊರ್ಕಾಳಿಗೆ ಎಲ್ಲರೆದುರು ಮೊದಲ ಬಾರಿ ತಿಳಿಯಬಾರದೆಂದು ಅವರು ಅವಳನ್ನು ಮೆಟ್ಟಿಲಿನ ತಿರುವಿಗೆ ಕರೆದು ಹೇಳಿದರು. ಸುತ್ತಿ ಬಳಸಿ ಹೇಳಲಿಲ್ಲ. ಸುತ್ತಿ ಬಳಸುವುದು ಹೇಳುವವರಿಗೆ ಮಾತ್ರ ಸುಖ. ಹುಡುಗಿ ಕೈಯಲ್ಲಿದ್ದ ರೊಟ್ಟಿಯನ್ನು ಹಿಡಿದುಕೊಂಡೇ ಕೇಳಿದಳು.

"ನಿಮಗೆ ಯಾವಾಗ ಗೊತ್ತಾಯ್ತು?"

"ನಿನ್ನೆ."

"ನಿನ್ನೇನೇ ಯಾಕೆ ನೋಡಿದ್ರಿ ಮಿಸ್? ಮುಂದಿನ ವಾರ ನೋಡಿದ್ರೆ ಆಗ್ತಿರಲಿಲ್ವಾ? ಇಂಜಿನಿಯರ್ರೇ ಹತ್ತು ಅಂದಿದಾರೆ. ಅವರು ಹೇಳಿಕೊಟ್ಟ ಹಾಗೇನೇ ನಾನು ಮಾಡಿದೀನಿ. ಅವರು ಹೇಳಿದ ಹಾಗೆ ಮಾಡಿದ್ದು ನನ್ನ ತಪ್ಪಾ?"

"ಮಾಡಿದ್ದು ನಿನ್ನ ತಪ್ಪಲ್ಲ. ಆದ್ರೆ ಉತ್ತರ ತಪ್ಪು."

"ಹಾಗಾದ್ರೆ ತೋರಿಸಿ. ಎಲ್ಲರ ಮುಂದೆ ತೋರಿಸಿ. ನಾನು ಒಪ್ಪಲ್ಲ."

ತರಗತಿ ತುಂಬಿತ್ತು. ಲೆಕ್ಕಗಳು ಒಂದೊಂದಾಗಿ ಮುಗಿದು ಆ ಪ್ರಶ್ನೆ ಬಂದಾಗ, ಮುಂದಿನ ಬೆಂಚುಗಳು ಅಭ್ಯಾಸದಂತೆ ಚಪ್ಪಾಳೆ ಎತ್ತಿಕೊಂಡವು: "ಒಂದೇ ಸೂರಿಗೆ ಸೇರ್ಸು! ಗುಣಿಸು!" ಸೆನಾಯ್ಡಾ ಕೈಯೆತ್ತಿ ನಿಲ್ಲಿಸಿದರು.

"ನೊರ್ಕಾ, ಬಾ ಇಲ್ಲಿ. ನೀನೇ ಮಾಡು."

ಅವಳು ಬಂದು ಮಾರ್ಕರನ್ನು ಕಸಿದುಕೊಂಡಂತೆ ತೆಗೆದುಕೊಂಡಳು. ಹದಿನಾರು, ಮೂವತ್ತಾರು, ನಾಲ್ಕು, ಆರು, ಹತ್ತು. ಮಾರ್ಕರು ಹಲಗೆಯ ಮೇಲೆ ಕಿರುಗುಟ್ಟಿತು. "ಎಲ್ಲಿದೆ ತಪ್ಪು?" ಎಂದು ತಿರುಗಿ ನಿಂತಳು.

"ಚಿಕ್ಕದೊಂದು ಲೆಕ್ಕ ಮಾಡೋಣ. √−1 ಅಂದ್ರೆ ಏನು?"

"ಯಾವುದನ್ನ ಅದರಿಂದಲೇ ಗುಣಿಸಿದ್ರೆ ಮೈನಸ್ ಒಂದು ಬರುತ್ತೋ ಅದು."

"ಹಾಗಾದ್ರೆ √−1 ಅನ್ನ √−1 ರಿಂದ ಗುಣಿಸಿದ್ರೆ?"

"ಮೈನಸ್ ಒಂದು. ಅದನ್ನ ಈಗಷ್ಟೇ ಹೇಳಿದ್ನಲ್ಲ."

"ಬರಿ. ಅದರ ಪಕ್ಕದಲ್ಲಿ ಅದೇ ಲೆಕ್ಕಾನ ಘೋಷಣೆ ಪ್ರಕಾರ ಮಾಡು."

ನೊರ್ಕಾ ಒಂದೇ ಸೂರಿಗೆ ಸೇರಿಸಿದಳು. ಮೈನಸ್ ಒಂದು ಗುಣಿಸು ಮೈನಸ್ ಒಂದು, ಒಂದು. ಒಂದರ ವರ್ಗಮೂಲ, ಒಂದು. ಹಲಗೆಯ ಮೇಲೆ ಒಂದೇ ವಸ್ತುವಿಗೆ ಎರಡು ಬೆಲೆಗಳು ಅಕ್ಕಪಕ್ಕ ನಿಂತವು: ಮೈನಸ್ ಒಂದು, ಒಂದು. ಅವಳ ಕೈ ಮುಂದೆ ಹೋಗಲಿಲ್ಲ. ಚುರುಕಾದ ಬುದ್ಧಿಯ ಶಾಪವೇ ಇದು. ತನಗೆ ಬೇಡವಾದದ್ದೂ ಅದಕ್ಕೆ ಬೇಗ ಅರ್ಥವಾಗಿಬಿಡುತ್ತದೆ. ಕಿವಿಯ ಹಿಂದೆ ಕೂದಲು ಸಿಕ್ಕಿಸಿಕೊಂಡು, ತುಟಿ ಕಚ್ಚಿಕೊಂಡು, ತಾನು ಬರೆದ ಹತ್ತನ್ನು ಅಂಗೈಯಿಂದಲೇ ಒರೆಸಿದಳು. ಮೈನಸ್ಸುಗಳನ್ನು i ಮಾಡಿ ಹೊರತಂದು ಮತ್ತೆ ಗುಣಿಸಿದಳು. ಕೊನೆಯ ಸಾಲು ಬರೆದು, ಅದನ್ನು ಓದಿ ಹೇಳದೆ, ಮಾರ್ಕರಿನ ಮುಚ್ಚಳ ಹಾಕಿದಳು.

ಹಿಂದಿನ ಬೆಂಚಿನಿಂದ ಯಾರೋ ಕೇಳಿದರು: "ಮತ್ತೆ ಫಸ್ಟು ಯಾರು ಹಾಗಾದ್ರೆ?"

ತಲೆಗಳೆಲ್ಲ ಒಂದೇ ಕಡೆ ತಿರುಗಿದವು. "ತಾತ! ಏ, ತಾತ ಕಣ್ರೋ!" ಎಡೆಲ್ಮೊ ಕಳ್ಳತನ ಮಾಡಿ ಸಿಕ್ಕಿಬಿದ್ದವನಂತೆ ಮುಖವನ್ನು ಕೂದಲೊಳಗೆ ಹುದುಗಿಸಿದ್ದ.

ಚಪ್ಪಾಳೆ ನಿಂತದ್ದನ್ನು ಕೇಳಿಯೇ ಇಂಜಿನಿಯರ್ ಬಾಗಿಲಿಗೆ ಬಂದಿದ್ದರು. ಹಲಗೆಯನ್ನು ನೋಡಿದರು, ಮಕ್ಕಳ ಮುಖ ನೋಡಿದರು. ರದ್ದು ಮಾಡಲು ಇನ್ನು ಏನೂ ಉಳಿದಿಲ್ಲವೆಂಬುದು ಅರ್ಥವಾದ ತಕ್ಷಣ ಎದೆಯುಬ್ಬಿಸಿ ಒಳಗೆ ಬಂದರು.

"ನೋಡಿದ್ರಾ ಮಕ್ಕಳೇ? ಯಾರಿಗೆ ಕಣ್ಣು ತೆರೆದಿದೆ ಅಂತ ಪರೀಕ್ಷೆ ಮಾಡೋಕೇ ಈ ಪ್ರಶ್ನೆ ಇಟ್ಟಿದ್ದು! ನಮ್ಮ ಅಕಾಡೆಮಿಲಿ ಸತ್ಯಕ್ಕಿಂತ ದೊಡ್ಡದು ಯಾವುದೂ ಇಲ್ಲ. ಯುವಕ ಎಡೆಲ್ಮೊ ರಿಕ್ಸೆಗೆ ಒಂದು ಚಪ್ಪಾಳೆ!"

ಮಕ್ಕಳು ತಟ್ಟಿದರು, ಅದರ ಅಭ್ಯಾಸ ಅವರಿಗೆ ಚೆನ್ನಾಗಿಯೇ ಇತ್ತು. ತನ್ನ ತಪ್ಪನ್ನು ಪರರಿಗೊಡ್ಡಿದ ಪರೀಕ್ಷೆಯೆಂದು ಹೇಳಿಕೊಂಡು ಅದಕ್ಕೂ ಹೊಗಳಿಕೆ ವಸೂಲಿ ಮಾಡುವವರನ್ನು ಸೆನಾಯ್ಡಾ ಬಹಳ ಮಂದಿಯನ್ನು ಕಂಡಿದ್ದರು. ಬೇರೆ ದಿನವಾಗಿದ್ದರೆ ರಕ್ತ ಕುದಿಯುತ್ತಿತ್ತು. ಆ ದಿನ ಅವರ ಕಣ್ಣು ನೊರ್ಕಾಳನ್ನು ಹಿಂಬಾಲಿಸುತ್ತಿತ್ತು. ಅವಳು ಗದ್ದಲದ ನಡುವೆ ಚೀಲ ಎತ್ತಿಕೊಂಡು, ಬೆಂಚುಗಳ ಸಾಲು ದಾಟಿ, ಎಡೆಲ್ಮೊನ ಹತ್ತಿರ ಒಂದು ಕ್ಷಣ ನಿಂತು, "ಈ ಸಲವಾದ್ರೂ ತಲೆ ಬೋಳಿಸ್ಕೋ" ಎಂದು ಹೇಳಿ ಹೊರಟುಹೋದಳು.

ಆ ವಾರವಿಡೀ ಅವಳು ಬರಲಿಲ್ಲ. ವಿನಾಯಿತಿ ಎಡೆಲ್ಮೊನ ಪಾಲಾಯಿತು, ಆದರೆ ಅವನ ಫೋಟೊ ತೆಗೆಸುವ ಉತ್ಸಾಹ ಇಂಜಿನಿಯರರಿಗೆ ಹುಟ್ಟಲೇ ಇಲ್ಲ. ಬ್ಯಾನರಿನ ಜಾಗವನ್ನು ಅವರು ಕೋಳಿ ಅಂಗಡಿಯವನಿಗೆ ಬಿಟ್ಟುಕೊಟ್ಟರು. ಮುಂದಿನ ತಿಂಗಳ ವೇಳಾಪಟ್ಟಿಯಲ್ಲಿ ಸೆನಾಯ್ಡಾ ಅವರ ಪಾಲಿಗೆ ಶನಿವಾರ ಮಾತ್ರ ಉಳಿದಿತ್ತು. ಅದನ್ನು ಓದಿದಾಗ ಅವರಿಗೆ ಮೊದಲು ಬಂದದ್ದು ದುಃಖವಲ್ಲ, ಆ ಮೆಟ್ಟಿಲುಗಳನ್ನು ದಿನವೂ ಹತ್ತಬೇಕಾಗಿಲ್ಲವೆಂಬ ಸಣ್ಣ ಸಮಾಧಾನ. ಅದರ ಹಿಂದೆಯೇ ಅದಕ್ಕಾಗಿ ನಾಚಿಕೆ. ಸಂತೆಯ ದಿನ ಅವರು ಗಿಣ್ಣು ಮಾರುವವರ ಸಾಲನ್ನು ತಪ್ಪಿಸಿ ಬೇರೆ ದಾರಿಯಿಂದ ಹೋದರು. ಸರಿಯಾದುದನ್ನು ಮಾಡಿದವರು ತಲೆಯೆತ್ತಿ ನಡೆಯುತ್ತಾರೆಂದು ಪಾಠಗಳಲ್ಲಿ ಬರೆದಿರುತ್ತದೆ. ಹಾಗೆ ಬರೆದವರು ಆ ತಾಯಿಯ ತಕ್ಕಡಿಯ ಮುಂದೆ ಒಂದು ಸಲ ನಡೆದು ನೋಡಬೇಕು.

ಮರುದಿನ ಬೆಳಿಗ್ಗೆ ಸರ್ಕಾರಿ ಶಾಲೆಯ ಗೇಟು ತೆರೆಯುವ ಮುನ್ನವೇ ಸೆನಾಯ್ಡಾ ಬಂದರು. ನಿದ್ದೆ ಬಾರದವರು ಬೇಗ ಹೊರಡುತ್ತಾರೆ. ಬಾಗಿಲ ಮೆಟ್ಟಿಲ ಮೇಲೆ, ಬೀದಿಯ ಬಿಸಿ ಕಿನ್ವಾ ಗಂಜಿಯ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಮೂಗು ಕೆಂಪಾದ ನೊರ್ಕಾ ಕೂತಿದ್ದಳು. ನಮಸ್ಕಾರ ಹೇಳಲಿಲ್ಲ.

"ಲೀಮಾಗೆ ಹೋಗಲಿಲ್ವಾ ಮಗಳೇ?"

"ಹೋಗಲ್ಲ ಅಂದೆ. ಅಮ್ಮ ನನ್ನ ಜೊತೆ ಮಾತು ಬಿಟ್ಟಿದಾಳೆ. ನಿಮ್ಮ ಜೊತೇನೂ ಬಿಟ್ಟಿದಾಳೆ, ನಿಮಗಿನ್ನೂ ಗೊತ್ತಿಲ್ಲ ಅಷ್ಟೆ." ಗಂಜಿಯನ್ನು ಒಂದು ಗುಟುಕು ಕುಡಿದು ಲೋಟವನ್ನು ಕೆಳಗಿಟ್ಟಳು. "ಸಂಜೆ ಪೂರ್ತಿ ಅವಳ ಗಿಣ್ಣಿನ ಅಂಗಡೀಲಿ ಕೂತ್ಕೋಬೇಕು ಅನ್ನೋ ಕರಾರಿನ ಮೇಲೆ ಪರೀಕ್ಷೆವರೆಗೆ ಓದೋಕೆ ಬಿಟ್ಟಿದಾಳೆ. ಹಾಗಾಗಿ ನನಗೆ ಇರೋದು ಬೆಳಿಗ್ಗೆ ಮಾತ್ರ. ಅಕಾಡೆಮಿಲಿ ಏನೇನು ಕಲಿಸ್ತೀರೋ ಅಷ್ಟನ್ನೂ ನನಗಿಲ್ಲಿ ಕಲಿಸಬೇಕು ನೀವು. ಚಪ್ಪಾಳೆ ಬಿಟ್ಟು."

"ಮಗಳೇ, ನಿನ್ನ ಜಾಗ ಕಿತ್ತುಕೊಂಡವಳು ನಾನಲ್ಲ."

"ಗೊತ್ತು. ಹಲಗೆ ಮೇಲೆ ಬರೆದವಳು ನಾನೇ ಅಲ್ವಾ? ಗೊತ್ತಿದ್ರೂ ಕೋಪ ನಿಮ್ಮ ಮೇಲೇನೇ ಇದೆ. ಅದಕ್ಕೆ ನಾನೇನು ಮಾಡ್ಲಿ?"

ಇದಕ್ಕೆ ಹೇಳಬಹುದಾದ ನೀತಿವಾಕ್ಯಗಳು ಸೆನಾಯ್ಡಾ ಅವರ ಬಳಿ ಬೇಕಾದಷ್ಟಿದ್ದವು. ಒಂದನ್ನೂ ಹೇಳಲಿಲ್ಲ. ತನ್ನ ಮೇಲೆ ಕೋಪವಿಟ್ಟುಕೊಂಡೂ ತನ್ನ ಬಳಿಗೇ ಬಂದ ಮಗುವಿನ ಕೋಪಕ್ಕೆ ಉತ್ತರ ಹೇಳಹೋಗುವುದು ಅಹಂಕಾರವಲ್ಲದೆ ಬೇರೇನೂ ಅಲ್ಲ.

"ಕೋಪ ಇದ್ರೆ ಇರಲಿ" ಎಂದರು. "ಎಷ್ಟು ಹೊತ್ತಿಗೆ ಬರ್ತೀಯ?"

"ಇದೇ ಹೊತ್ತಿಗೆ. ದಿನಾ."

ದಿನಾ. ಅವರ ಬದುಕಿನಲ್ಲಿ ಯಾರದೂ ಅಲ್ಲದೆ ಉಳಿದಿದ್ದ ಹೊತ್ತೆಂದರೆ ಅದೊಂದೇ. ಹಾಸಿಗೆಯ ಬಿಸುಪು, ಕಿಟಕಿಯ ಆಚೆ ಇನ್ನೂ ಬೆಳಗಾಗದ ಬೆಟ್ಟ, ಯಾರೂ ಮಿಸ್ ಎಂದು ಕರೆಯದ ಆ ಸ್ವಲ್ಪ ಕಾಲ ಕೈಬಿಟ್ಟು ಹೋಗುತ್ತಿರುವುದನ್ನು ಅವರು ನಿಂತಲ್ಲೇ ಅನುಭವಿಸಿದರು. ಕಾವಲುಗಾರ ಬೀಗ ತೆಗೆದ. ತಣ್ಣಗಿನ ತರಗತಿಯಲ್ಲಿ ದೀಪ ಹಾಕಿ, ಕೋಟು ಬಿಚ್ಚದೆಯೇ ಅವರು ಕಪ್ಪು ಹಲಗೆಯ ಮೇಲೆ ಎರಡು ಆವರಣಗಳನ್ನು ಬರೆದರು, ಪ್ರತಿ ಆವರಣದಲ್ಲೂ ಎರಡೆರಡು ಕರಣಿಗಳು. ಗುಣಿಸಬೇಕಾದದ್ದು ಒಟ್ಟು ನಾಲ್ಕು ಸಲ. ಎರಡನೆಯ ಸಾಲಿಗೆ ಬರುವಷ್ಟರಲ್ಲಿ ತಡೆಯಲಾರದ ಆಕಳಿಕೆ ಬಂತು.

"ಆಕಳಿಸ್ಬೇಡಿ ಮಿಸ್" ಎಂದಳು ನೊರ್ಕಾ, ಬರೆಯುವುದರಿಂದ ತಲೆ ಎತ್ತದೆ. "ನಾನೂ ನಿದ್ದೆ ಬಿಟ್ಟೇ ಬಂದಿದೀನಿ."

"ಸರಿ" ಎಂದು ಸೆನಾಯ್ಡಾ ಸೀಮೆಸುಣ್ಣವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು, ಮೂರನೆಯ ಸಾಲು ಬರೆಯತೊಡಗಿದರು.